ಎಂಟು ನಾಲಿಗೆಗಳ ಫೋಲ್ಡರ್

ಎಪ್ಪತ್ತೊಂದು ವರ್ಷದ ಯಾಖೂಬ್ ಸಾಬರಿಗೆ ಹಸಿ ಹುಣಸೆಕಾಯಿ ತಿನ್ನುವ ಆಸೆಯಾದಾಗ ಮೊದಲು ನಕ್ಕವರು ಅವರ ಹೆಂಡತಿ ಜುಲೇಖಾ ಬೀ. ಎರಡನೆಯವಳು ನಾನು. ನಾನು ನಗಬಾರದಿತ್ತು. ಆ ಆಸೆಯನ್ನು ಅವರ ಬಾಯಿಗೆ ತಂದು ಹಾಕಿದ್ದು ನಾನೇ ಬರೆದ ಪ್ರೋಗ್ರಾಮು ಎಂದು ಗೊತ್ತಾಗಲು ಇನ್ನೂ ಹತ್ತು ದಿನ ಬೇಕಾಯಿತು.

ನನ್ನ ಹೆಸರು ಜಗದೇವಿ. ಬೀದರಿನ ಅಂಚಿನಲ್ಲಿರುವ ಒಂದು ಪ್ರಯೋಗಾಲಯದಲ್ಲಿ ಎಂಜಿನಿಯರು. ನಾವು ಮಾಡುವ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳಿದರೆ ಜನ ನಮ್ಮ ತಲೆ ಸರಿ ಇದೆಯೇ ಎಂದು ನೋಡುತ್ತಾರೆ. ನಾವು ನಾಲಿಗೆಯನ್ನು ಫೈಲ್ ಮಾಡಿ ಕಂಪ್ಯೂಟರಿನಲ್ಲಿ ಇಡುತ್ತೇವೆ.

ಯಾಕೆ ಎಂದು ಹೇಳುತ್ತೇನೆ. ಬಿದ್ರಿ ಹೂಜಿ ಕಪ್ಪಾಗುವುದು ಬಣ್ಣ ಹಚ್ಚಿದ್ದರಿಂದಲ್ಲ. ಸತುವಿಗೆ ಒಂದಿಷ್ಟು ತಾಮ್ರ ಕೂಡಿಸಿ ಎರಕ ಹೊಯ್ದು, ಗೀರಿದ ಚಿತ್ತಾರದೊಳಗೆ ಬೆಳ್ಳಿಯ ಎಳೆ ಕೂರಿಸಿ, ಕಟ್ಟಕಡೆಗೆ ಕೋಟೆಯ ಹಳೇ ಗೋಡೆಯ ಮಣ್ಣನ್ನು ನವಸಾಗರವೆಂಬ ಉಪ್ಪಿನ ಜೊತೆ ಕುದಿಸಿ ಅದರಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. ಮಣ್ಣು ತಪ್ಪಿದರೆ ತಿಂಗಳ ಕೆಲಸ ಬೂದಿ ಬಣ್ಣಕ್ಕೆ ತಿರುಗಿ ಕೂರುತ್ತದೆ. ಯಾವ ಮಣ್ಣು ಸರಿ ಎಂದು ತಿಳಿಯಲು ಕುಶಲಿಗರು ಚಿಟಿಕೆ ಮಣ್ಣನ್ನು ನಾಲಿಗೆಯ ಮೇಲೆ ಇಟ್ಟು ನೋಡಿ, ಉಗುಳಿ, ಹೌದು ಅಥವಾ ಅಲ್ಲ ಅನ್ನುತ್ತಾರೆ. ನಮ್ಮ ಪ್ರಯೋಗಾಲಯದ ಯಂತ್ರಗಳು ಆ ಮಣ್ಣಿನಲ್ಲಿ ಏನೇನಿದೆ ಎಂದು ಪಟ್ಟಿ ಕೊಟ್ಟವು. ಹೌದೋ ಅಲ್ಲವೋ ಎಂದು ಮಾತ್ರ ಒಂದೂ ಹೇಳಲಿಲ್ಲ.

ಕೋಟೆಯೊಳಗೆ ಮಣ್ಣು ತೆಗೆಯುವುದು ನಿಂತ ಮೇಲೆ ಹಳೇ ಬಾವಿ, ಹಾಳು ಗೋಡೆ, ಬಿದ್ದ ಮನೆಗಳಲ್ಲಿ ಹೊಸ ಮಣ್ಣು ಹುಡುಕಬೇಕಾಯಿತು. ಹುಡುಕಲು ಎಂಟು ಕಾರ್ಖಾನೆಯವರು ಸಿದ್ಧರಿದ್ದರು. ತಪ್ಪದ ನಾಲಿಗೆ ಇದ್ದದ್ದು ಯಾಖೂಬ್ ಸಾಬರೊಬ್ಬರಿಗೇ. ಎಲ್ಲರೂ ಅವರನ್ನು ಉಸ್ತಾದ್ ಅನ್ನುತ್ತಾರೆ. ಹಾಗಾಗಿ ಆ ನಾಲಿಗೆಯನ್ನೇ ಹಂಚೋಣ ಎಂದು ಹೊರಟೆವು.

ಬಾಯಲ್ಲಿ ಕಚ್ಚಿಕೊಳ್ಳುವ ಒಂದು ತೆಳು ಪಟ್ಟಿ, ಅದರಿಂದ ಒಂದು ವೈರು, ವೈರಿನ ತುದಿಗೆ ಮೇಜಿನ ಮೇಲಿನ ಕಂಪ್ಯೂಟರು. ಮಣ್ಣು ತಾಗಿದಾಗ ನಾಲಿಗೆಯ ನರಗಳು ಹೇಳಿದ್ದನ್ನೂ, ಅದಕ್ಕೆ ಮನಸ್ಸು 'ಬೇಕು' ಅಂದಿತೋ 'ಉಗುಳು' ಅಂದಿತೋ ಎಂಬುದನ್ನೂ ಪಟ್ಟಿ ದಾಖಲಿಸುತ್ತದೆ. ಫೈಲು ಕಂಪ್ಯೂಟರಿನ ಫೋಲ್ಡರಿಗೆ, ಅಲ್ಲಿಂದ ಕ್ಲೌಡಿಗೆ, ಕ್ಲೌಡಿನಿಂದ ಉಳಿದ ಏಳು ಕಂಪ್ಯೂಟರುಗಳಿಗೆ ಹೋಗುತ್ತದೆ. ಮರುದಿನ ಬೆಳಿಗ್ಗೆ ಹತ್ತು ನಿಮಿಷ ಪಟ್ಟಿ ಕಚ್ಚಿ ಕುಳಿತರೆ ಅದೇ ನೆನಪು ಉಳಿದವರ ನಾಲಿಗೆಗೆ ಇಳಿಯುತ್ತದೆ. ಇದು ಎರಡೂ ಕಡೆಯಿಂದ ನಡೆಯುವ ಸಿಂಕ್. ಶಿಷ್ಯರು ಕಲಿತದ್ದೂ ಉಸ್ತಾದರಿಗೆ ಬರುತ್ತದೆ. ಇಬ್ಬರ ಅಭಿಪ್ರಾಯ ಬೇರೆಯಾದರೆ ಏನು ಮಾಡಬೇಕು? ಅದಕ್ಕೆ ನಾನು ಒಂದು ನಿಯಮ ಬರೆದಿದ್ದೆ: ಯಾರ ನಾಲಿಗೆ ಹೆಚ್ಚು ಗಟ್ಟಿಯಾಗಿ ಹೇಳುತ್ತದೋ ಅವರ ಮಾತು ಉಳಿಯಲಿ. ಅನುಭವ ಹೆಚ್ಚಿದ್ದವರೇ ಗಟ್ಟಿಯಾಗಿ ಹೇಳುತ್ತಾರೆ ಎಂಬುದು ನನ್ನ ಎಣಿಕೆ. ಆ ನಿಯಮ ಬರೆದ ದಿನ ನನಗೆ ಬಹಳ ಹೆಮ್ಮೆಯಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ.

ಒಂದೂವರೆ ವರ್ಷ ಎಲ್ಲ ಸುಸೂತ್ರವಾಗಿ ನಡೆಯಿತು. ಆಮೇಲೆ ಒಂದೇ ವಾರದಲ್ಲಿ ಐದು ಕಾರ್ಖಾನೆಗಳಲ್ಲಿ ಮಾಲು ಬೂದಿ ಬಣ್ಣಕ್ಕೆ ತಿರುಗಿತು.

ಎಂಟು ಜನರಲ್ಲೊಬ್ಬರಾದ ಭಾಲ್ಕಿಯ ಶಂಕ್ರೆಪ್ಪನವರು ಫೋನಿನಲ್ಲೇ ಕೂಗಾಡಿದರು. "ಮೇಡಂ, ಮಣ್ಣು ನಾಲಿಗಿಗೆ ಬೆಲ್ಲ ಬೆಲ್ಲ ಅನ್ಸಲತದ. ಗ್ವಾಡಿ ಕೆರದು ತಿನ್ನಬೇಕು ಅನ್ಸತದ. ನಿಮ್ಮ ಮಷೀನಿಗೆ ಏನಾಗ್ಯಾದ?"

ಶಂಕ್ರೆಪ್ಪನವರು ತಂಬಾಕು ಜಗಿಯುತ್ತಾರೆ. ತಪ್ಪು ಅಲ್ಲೇ ಇರಬೇಕು ಎಂದುಕೊಂಡು ಅವರನ್ನು ನಾಲ್ಕು ದಿನ ಕಾಡಿದೆ. ಪಟ್ಟಿ ಬದಲಿಸಿದೆ, ವೈರು ಬದಲಿಸಿದೆ, ಅವರ ತಂಬಾಕನ್ನೂ ಬಿಡಿಸಿದೆ. ಏನೂ ಪ್ರಯೋಜನವಾಗಲಿಲ್ಲ. ತಂಬಾಕು ಬಿಟ್ಟ ಸಿಟ್ಟು ಮಾತ್ರ ಅವರಲ್ಲಿ ಉಳಿಯಿತು.

ಹತ್ತನೆಯ ದಿನ ಉಸ್ತಾದರ ಮನೆಗೆ ಹೋದೆ. ಅವರ ಕಂಪ್ಯೂಟರು ಇರುವುದು ಅಡುಗೆಮನೆಯ ಪಕ್ಕದ ಕೋಣೆಯಲ್ಲಿ, ಕಸೂತಿ ಹಾಕಿದ ಬಟ್ಟೆಯ ಕೆಳಗೆ. ಉಸ್ತಾದರು ಕಟ್ಟೆಯ ಮೇಲೆ ಕುಳಿತು ಉಪ್ಪು ಅದ್ದಿದ ಹುಣಸೆಕಾಯಿ ಚೀಪುತ್ತಿದ್ದರು. ಮುಖದಲ್ಲಿ ನಾಚಿಕೆ, ಕೈ ಮಾತ್ರ ನಿಲ್ಲುತ್ತಿರಲಿಲ್ಲ.

"ಬೇಟಿ, ನಗಬ್ಯಾಡ," ಅಂದರು. "ಬ್ಯಾಡ ಅಂದ್ರೂ ಬಾಯಿ ಕೇಳಲ್ಲದು. ನಿನ್ನೆ ಅಂಗಳಕ್ಕ ನೀರು ಹೊಡದಾಗ ಆ ವಾಸ್ನಿಗೆ ಎದ್ದು ಹೋಗಿ ನಿಂತಿದ್ದೆ."

ಜುಲೇಖಾ ಬೀ ಈ ಸಲ ನಗಲಿಲ್ಲ. ಚಹಾದ ಬಟ್ಟಲು ನನ್ನ ಕೈಗಿಟ್ಟು ಗಂಡನನ್ನು ಒಂದು ಸಲ, ನನ್ನನ್ನು ಒಂದು ಸಲ ನೋಡಿದರು.

"ನಾ ಐದು ಹಡದೀನಿ," ಅಂದರು. "ಇದು ನಂಗ ಗೊತ್ತಿಲ್ಲೇನು? ಹಸಿ ಹುಣಸಿಕಾಯಿ, ನೆಂದ ಮಣ್ಣು, ಮುಂಜಾನಿ ಎಣ್ಣಿ ವಾಸನಿ ಬಂದ್ರ ವಾಕರಿಕಿ. ಇದು ಬಸುರಿ ಬಯಕಿ ಬೇಟಿ. ಈ ಮುದುಕಗ ಯಾವಾಕಿದೋ ಬಯಕಿ ಬಂದು ಹತ್ತ್ಯಾದ."

ನನ್ನ ಕೈಯಲ್ಲಿದ್ದ ಚಹಾ ಹಾಗೇ ತಣ್ಣಗಾಯಿತು. ಎಂಟು ಜನರಲ್ಲಿ ಹೆಂಗಸು ಒಬ್ಬಳೇ. ಹುಮನಾಬಾದಿನ ಮಹಾನಂದಾ.

ಪ್ರಯೋಗಾಲಯಕ್ಕೆ ಮರಳಿ ಫೋಲ್ಡರಿನ ಇತಿಹಾಸ ತೆಗೆದೆ. ಯಾರ ಕಂಪ್ಯೂಟರಿನಿಂದ ಯಾವ ದಿನ ಏನು ಬದಲಾಯಿತು ಎಂಬುದೆಲ್ಲ ಅಲ್ಲಿ ಸಾಲಾಗಿ ಇರುತ್ತದೆ. ಮೂವತ್ತಾರು ದಿನಗಳ ಹಿಂದೆ ಹುಮನಾಬಾದಿನಿಂದ ಬಂದ ಒಂದು ಫೈಲಿನಲ್ಲಿ 'ಬೇಕು' ಎಂಬ ಗೆರೆ ಪರದೆಯ ಮೇಲ್ತುದಿಗೆ ಮುಟ್ಟಿತ್ತು. ಉಸ್ತಾದರ ಐವತ್ತೈದು ವರ್ಷದ ಅನುಭವ ಅದರ ಅರ್ಧಕ್ಕೂ ಬಂದಿರಲಿಲ್ಲ. ನನ್ನ ನಿಯಮ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಬಯಕೆಯನ್ನೇ ದೊಡ್ಡ ಉಸ್ತಾದ್ ಮಾಡಿತ್ತು. ಆಮೇಲೆ ದಿನಾ ಬೆಳಿಗ್ಗೆ ಹತ್ತು ನಿಮಿಷ ಅದನ್ನು ಎಂಟೂ ಬಾಯಿಗಳಿಗೆ ಬಡಿಸಿತ್ತು.

ಸರಿಪಡಿಸುವುದು ಸುಲಭ. ಫೋಲ್ಡರನ್ನು ಮೂವತ್ತಾರು ದಿನ ಹಿಂದಕ್ಕೆ ತಿರುಗಿಸಿದರೆ ಆಯಿತು, ಹಳೆಯ ನಾಲಿಗೆಗಳು ಹಿಂದಿರುಗುತ್ತವೆ. ಆದರೆ ಹಳೆಯ ಪ್ರತಿಗಳು ಇರುವುದು ನಲವತ್ತೇ ದಿನ. ಇನ್ನು ನಾಲ್ಕು ದಿನ ಕಳೆದರೆ ಉಸ್ತಾದರ ನಾಲಿಗೆ ಎಲ್ಲಿಯೂ ಇರುವುದಿಲ್ಲ, ಅವರ ಬಾಯಲ್ಲಿ ಕೂಡ. ಒಂದು ಬಟನ್ ಒತ್ತಿದರೆ ಮುಗಿಯುವ ಕೆಲಸ. ಒತ್ತುವ ಮೊದಲು ಆಕೆಗೊಂದು ಮಾತು ಹೇಳುವುದು ನ್ಯಾಯ ಅನ್ನಿಸಿ ಮರುದಿನ ಬೆಳಿಗ್ಗೆ ಹುಮನಾಬಾದಿನ ಬಸ್ಸು ಹತ್ತಿದೆ.

ಮಹಾನಂದಾಳಿಗೆ ಮೂವತ್ತೆರಡು ವರ್ಷ. ಅಪ್ಪನಿಂದ ಬಂದ ಸಣ್ಣ ಕಾರ್ಖಾನೆಯನ್ನು ತಾನೇ ನಡೆಸುತ್ತಾಳೆ. ಮಣ್ಣು ನೋಡುವುದು ಗಂಡಸರ ಕೆಲಸ ಎಂದು ಉಳಿದವರು ತಕರಾರು ತೆಗೆದಾಗ, ನಾಲಿಗೆಯಲ್ಲಿ ಗಂಡು ಹೆಣ್ಣು ಎಲ್ಲಿದೆ ತೋರಿಸಿ ಎಂದು ಕೇಳಿ ಆಕೆಯನ್ನು ಎಂಟನೆಯವಳಾಗಿ ಸೇರಿಸಿದವರು ಉಸ್ತಾದರು. ನಾನು ಹೋದಾಗ ಸುರಾಹಿಯೊಂದರ ಉದ್ದ ಕತ್ತಿಗೆ ಬೆಳ್ಳಿಯ ಎಳೆ ಬಡಿಯುತ್ತಿದ್ದಳು. ನನ್ನ ಮುಖ ನೋಡಿದ್ದೇ ಸುತ್ತಿಗೆ ಕೆಳಗಿಟ್ಟು, ಗಂಡ ಬಂಡೆಪ್ಪನನ್ನು ಹಾಲು ತರಲು ಕಳಿಸಿ, ಬಾಗಿಲು ಎಳೆದುಕೊಂಡಳು.

"ಗೊತ್ತಾಯ್ತೇನ್ರಿ ಅಕ್ಕಾ?"

"ಗೊತ್ತಾಯ್ತು."

"ಯಾರಿಗೂ ಹೇಳೀರೇನು?"

ಇಲ್ಲ ಅಂದೆ. ಆಕೆ ನೆಲದ ಮೇಲೆ ಕುಳಿತಳು. ಹಿಂದೆ ಎರಡು ಸಲ ಬಸುರಾಗಿದ್ದಳಂತೆ. ಮೊದಲನೆಯದು ಮೂರು ತಿಂಗಳಿಗೆ ಹೋಯಿತು, ಎರಡನೆಯದು ಐದು ತಿಂಗಳಿಗೆ. ಎರಡು ಸಲವೂ ಊರಿಗೆಲ್ಲ ಗೊತ್ತಾಗಿ, ಸೀರೆ ಉಡಿಸಲು ಬಂದವರೇ ಮುಂದೆ ಸಮಾಧಾನ ಹೇಳಲೂ ಬಂದಿದ್ದರು. ಈ ಸಲ ಬಂಡೆಪ್ಪನಿಗೆ ಮತ್ತು ಡಾಕ್ಟರಮ್ಮನಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ.

ನಾನು ಫೋಲ್ಡರಿನ ವಿಷಯ ಹೇಳಿದೆ. ತನ್ನ ಬಯಕೆ ಎಂಟು ಬಾಯಿಗೆ ಹೋಗಿದೆ ಎಂದು ಕೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. "ಅಯ್ಯ, ಶಂಕ್ರೆಪ್ಪಣ್ಣನೂ ಏನು?" ಎಂದು ಒಳಗಿಂದಲೇ ಕೇಳಿದಳು. ಹೌದು ಅಂದೆ. ಸೆರಗಿನೊಳಗಿಂದ ಬಂದದ್ದು ನಗುವೋ ಅಳುವೋ ತಿಳಿಯಲಿಲ್ಲ.

"ಹಿಂದಕ್ಕೆ ತಿರುಗಿಸಿದರೆ ಎಲ್ಲರದೂ ಸರಿ ಹೋಗುತ್ತದೆ," ಅಂದೆ. "ನಿಂದೂ ಹೋಗುತ್ತದೆ. ಹುಣಸೆಕಾಯಿ, ಮಣ್ಣು, ಏನೂ ಬೇಕು ಅನ್ನಿಸೋದಿಲ್ಲ."

ಆಗ ಸೆರಗು ತೆಗೆದಳು. ಅಂಥ ಮುಖವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

"ಅದೊಂದು ಮಾಡಬ್ಯಾಡ್ರಿ ಅಕ್ಕಾ. ಎಲ್ಡು ಸಲಾನೂ ನಂಗ ಬಯಕಿನೇ ಬಂದಿದ್ದಿಲ್ಲ. ಈ ಸಲ ಬಂದದ. ಮುಂಜಾನಿ ಎದ್ದಕೂಡ್ಲೆ ಬಾಯಾಗ ಆ ಆಸಿ ಅದನೋ ಇಲ್ಲೋ ಅಂತ ನೋಡ್ಕೋತೀನಿ. ಇತ್ತಂದ್ರ ಕೂಸು ಅದ ಅಂತ ಎದ್ದು ಕೆಲಸ ಮಾಡ್ತೀನಿ. ಅದನ್ನ ನೀವು ತೆಗದ್ರ ನಾ ಹ್ಯಾಂಗ ಏಳ್ಲಿ ಹೇಳ್ರಿ?"

ಡಾಕ್ಟರ ಸ್ಕ್ಯಾನಿಂಗ್ ಇದೆಯಲ್ಲ, ಬಯಕೆಗೂ ಕೂಸಿನ ಜೀವಕ್ಕೂ ಸಂಬಂಧವಿಲ್ಲ ಎಂದು ನಾನು ವಿಜ್ಞಾನ ಹೇಳಬಹುದಿತ್ತು. ಬಾಯಿ ಬರಲಿಲ್ಲ. ತಿಂಗಳಿಗೊಮ್ಮೆ ಸಿಗುವ ಸ್ಕ್ಯಾನಿಂಗಿಗಿಂತ ದಿನಾ ಬೆಳಿಗ್ಗೆ ಸಿಗುವ ಗುರುತು ಆಕೆಗೆ ದೊಡ್ಡದು. ಮಣ್ಣು ಮಾತ್ರ ತಿನ್ನಬೇಡ ಎಂದೆ. ತಿನ್ನುವುದಿಲ್ಲ, ಡಾಕ್ಟರಮ್ಮ ಕಬ್ಬಿಣದ ಗುಳಿಗೆ ಕೊಟ್ಟಿದ್ದಾರೆ, ನೆನೆಸಿ ವಾಸನೆ ನೋಡುತ್ತೇನೆ ಅಷ್ಟೇ ಅಂದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ದಾರಿ ಹುಡುಕಿದೆ. ಒಂದು ದಾರಿ ಇತ್ತು. ಆಕೆಯ ಕಂಪ್ಯೂಟರಿನಲ್ಲಿ ಮಾತ್ರ ಸಿಂಕ್ ನಿಲ್ಲಿಸಿದರೆ ಆಕೆಯ ಫೈಲುಗಳು ಅಲ್ಲೇ ಉಳಿಯುತ್ತವೆ, ಉಳಿದ ಏಳನ್ನು ಹಿಂದಕ್ಕೆ ತಿರುಗಿಸಬಹುದು. ಆದರೆ ಎಂಟೂ ಕಂಪ್ಯೂಟರುಗಳ ಪರದೆಯಲ್ಲಿ ಎಂಟು ಹೆಸರುಗಳಿವೆ, ಪ್ರತಿ ಹೆಸರಿನ ಪಕ್ಕ ಒಂದು ಹಸಿರು ಚುಕ್ಕೆ ಇದೆ. ಮಹಾನಂದಾಳ ಚುಕ್ಕೆ ಒಂದೇ ಆರಿದರೆ, ತಪ್ಪು ಯಾರದು ಎಂದು ಹುಡುಕುತ್ತಿರುವ ಏಳು ಜನರಿಗೆ ಮತ್ತೇನು ಬೇಕು? ಶಂಕ್ರೆಪ್ಪನವರಂತೂ ಮೊದಲ ದಿನವೇ, ಹೆಂಗಸಿನ ಕೈಗೆ ಮಣ್ಣು ಕೊಟ್ಟದ್ದೇ ತಪ್ಪು ಅನ್ನುತ್ತಾರೆ. ಯಾಕೆ ಎಂದು ಕೇಳಲು ಅವರ ಮನೆಯ ಹೆಂಗಸರು ಹುಮನಾಬಾದಿಗೆ ಹೋಗುತ್ತಾರೆ. ಸುಳ್ಳು ಹಸಿರು ಚುಕ್ಕೆ ಹಾಕಲು ನನಗೆ ಐದು ನಿಮಿಷ ಸಾಕು. ಆದರೆ ಅವರೆಲ್ಲ ದಿನಾ ಫೋನಿನಲ್ಲಿ ಮಣ್ಣಿನದೇ ಮಾತಾಡುತ್ತಾರೆ, ಬೇರೆ ನಾಲಿಗೆ ಯಾವುದು ಎಂದು ಎರಡೇ ದಿನದಲ್ಲಿ ಹಿಡಿಯುತ್ತಾರೆ.

ಬೀದರಿಗೆ ಇಳಿದವಳು ನೇರ ಉಸ್ತಾದರ ಮನೆಗೆ ಹೋದೆ. ಫೋಲ್ಡರು, ನಲವತ್ತು ದಿನ, ಚುಕ್ಕೆ ಎಲ್ಲ ಹೇಳಿದೆ. ಹೆಸರು ಮಾತ್ರ ಹೇಳಲಿಲ್ಲ.

"ಹೆಸರು ಹೇಳಬ್ಯಾಡ," ಅಂದರು ಅವರು. "ಎಂಟು ಮಂದ್ಯಾಗ ಹುಡಿಕ್ಯಾಡೋದು ಏನದ. ಆಕಿಗಿ ಬಯಕಿ ಉಳೀಬೇಕು, ಹೌದಿಲ್ಲೋ?"

"ಹೌದು."

"ಹಂಗಾದ್ರ ಎಂಟೂ ಚುಕ್ಕಿ ಆರಿಸು."

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವರು ಬಿಡಿಸಿ ಹೇಳಿದರು. ಏಳು ಕಂಪ್ಯೂಟರುಗಳನ್ನು ಹಿಂದಕ್ಕೆ ತಿರುಗಿಸಿ, ಆಮೇಲೆ ಎಂಟರಲ್ಲೂ ಸಿಂಕ್ ಬಂದ್ ಮಾಡುವುದು. ಎಲ್ಲ ಆರಿದ್ದರೆ ಯಾವುದು ಮೊದಲು ಆರಿತು ಎಂದು ಯಾರು ಕೇಳುತ್ತಾರೆ? ಕೆಲವು ತಿಂಗಳು ಎಲ್ಲರೂ ತಮ್ಮ ತಮ್ಮ ನಾಲಿಗೆಯಲ್ಲೇ ಕೆಲಸ ಮಾಡಲಿ, ಆಗ ಒಬ್ಬರ ರುಚಿ ಬೇರೆಯಾದರೂ ಯಾರಿಗೂ ಅನುಮಾನ ಬರುವುದಿಲ್ಲ. ಅನುಮಾನ ಬಂದರೆ ಮಣ್ಣು ಕಟ್ಟಿ ಬಸ್ಸಿಗೆ ಹಾಕಲಿ, ಉಸ್ತಾದರು ನೋಡಿ ಕಳಿಸುತ್ತಾರೆ.

"ಯಾಕೆ ಬಂದ್ ಮಾಡಿದ್ರಿ ಅಂತ ಕೇಳಿದರೆ?" ಅಂದೆ.

"ಅದು ನಂಗ ಬಿಡು."

ಮರುದಿನ ಹನ್ನೊಂದು ಗಂಟೆಗೆ ಎಂಟೂ ಜನರನ್ನು ಪರದೆಯ ಮೇಲೆ ಸೇರಿಸಿದೆ. ಉಸ್ತಾದರು ಟೋಪಿ ಸರಿಮಾಡಿಕೊಂಡು ಕ್ಯಾಮೆರಾದ ಕಡೆ ನೋಡದೆ ಮೇಜಿನ ಕಡೆ ನೋಡಿದರು.

"ತಪ್ಪು ಯಾರದಂತ ಎಲ್ಲಾರೂ ಕೇಳ್ಲತ್ತೀರಿ. ತಪ್ಪು ನಂದು. ವಯಸ್ಸಾತು, ನನ್ನ ನಾಲಿಗಿ ಕೆಟ್ಟದ. ನನ್ನದು ಕೆಟ್ಟು ನಿಮ್ದೂ ಕೆಡಿಸ್ತು. ಹಳೇದು ವಾಪಸ್ ಹಾಕ್ಲತ್ತಾಳ ಜಗದೇವಿ. ಆಮ್ಯಾಲ ಕೆಲವು ತಿಂಗಳು ನಾಲಿಗಿಗೆ ರೋಜಾ, ಉಪಾಸ ಅಂತ ತಿಳ್ಕೋರಿ. ಯಾರ್ದೂ ಯಾರಿಗೂ ಬರಂಗಿಲ್ಲ."

ಐವತ್ತೈದು ವರ್ಷ ತಪ್ಪದ ನಾಲಿಗೆ ಕೆಟ್ಟಿದೆ ಎಂದು ಅದರ ಒಡೆಯನೇ ಹೇಳಿದರೆ ಏನು ಹೇಳುವುದು? ಕೊನೆಗೆ ಶಂಕ್ರೆಪ್ಪನವರು, "ಇರ್ಲಿ ಬಿಡ್ರಿ ಉಸ್ತಾದ್, ಎಲ್ಲಾರ್ಗೂ ವಯಸ್ಸಾಗ್ತದ," ಅಂದರು. ಆ ಕರುಣೆಯ ಮಾತು ಕೇಳಲು ನನಗೇ ಕಷ್ಟವಾಯಿತು. ಮಹಾನಂದಾ ತನ್ನ ಪರದೆಯ ಚೌಕದಿಂದ ಸರಿದುಹೋಗಿದ್ದಳು, ಅಲ್ಲಿ ಬರೀ ಗೋಡೆ ಕಾಣುತ್ತಿತ್ತು.

ಆರು ಜನರದು ಅದೇ ಮಧ್ಯಾಹ್ನ ಮುಗಿಯಿತು. ಕೊನೆಯದಾಗಿ ಉಸ್ತಾದರಿಗೆ ಪಟ್ಟಿ ಕೊಟ್ಟೆ. ಅವರು ಕಚ್ಚಲಿಲ್ಲ.

"ಹಾಕಿದ ಮ್ಯಾಲ ಈ ಆಸಿ ಪೂರಾ ಹೋಗ್ತದೇನು?"

"ಪೂರಾ."

"ಹಂಗಾದ್ರ ಸ್ವಲ್ಪ ತಡಿ."

ಒಳಗೆ ಹೋಗಿ ಗೋಡೆಯ ಮಾಡದೊಳಗಿಂದ ಒಂದು ಸಣ್ಣ ಡಬ್ಬಿ ತಂದರು. ಅವರ ಬಳಿ ಉಳಿದಿದ್ದ ಅಸಲಿ ಕೋಟೆ ಮಣ್ಣು ಅದರಲ್ಲಿತ್ತು, ಒಂದು ಹಿಡಿಯಷ್ಟು. ಅದನ್ನು ಯಾರಿಗೂ ತೋರಿಸಿದವರಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಯನ್ನು ಕರೆದರು. ಅವರಿಬ್ಬರು ಮಾತಾಡುವುದು ದಖನಿ ಉರ್ದುವಿನಲ್ಲಿ. ಅಂದು ಮಾತ್ರ, ನಾನಿದ್ದೇನೆಂದೋ ಏನೋ, ಕನ್ನಡದಲ್ಲಿ ಹೇಳಿದರು.

"ದೊಡ್ಡಾಕಿ ಹೊಟ್ಟ್ಯಾಗಿದ್ದಾಗ ನೀ ನನ್ನ ಮಡಿಕ್ಯಾಗಿನ ಮಣ್ಣು ತಿಂದಿದ್ದಿ. ನಾ ಕಾರ್ಖಾನಿ ಮಂದಿ ಎದುರಿಗಿ ನಿನ್ನ ಕೈಯಾಗಿಂದ ಕಸಗೊಂಡಿದ್ದೆ. ಕೆಲಸದ ಮಣ್ಣು ತಿನ್ನೋ ಹೆಂಗಸು ಅಂತ ಬೈದಿದ್ದೆ. ನೆನಪದೇನು?"

ಜುಲೇಖಾ ಬೀ ಒಲೆಯ ಉರಿ ಸಣ್ಣ ಮಾಡಿದರು. "ನಲವತ್ತಾರು ವರ್ಷ ಆತು," ಅಂದರು. ಅಂದರೆ ನೆನಪಿದೆ.

"ಅದು ಹ್ಯಾಂಗಿರ್ತದಂತ ನಂಗ ಗೊತ್ತಿದ್ದಿಲ್ಲ. ಈಗ ಮೂವತ್ತೆಂಟು ದಿನದಿಂದ ಗೊತ್ತದ. ಇನ್ನ ಸ್ವಲ್ಪ ಹೊತ್ತಿಗಿ ಮತ್ತ ಮರೀತದ." ಡಬ್ಬಿಯನ್ನು ಆಕೆಯ ಕೈಯಲ್ಲಿಟ್ಟರು. "ಮರಿಯೂದ್ರಾಗ ಕೊಡಬೇಕಂತ."

ಜುಲೇಖಾ ಬೀ ಡಬ್ಬಿಯ ಮುಚ್ಚಳ ತೆಗೆದು, ಎರಡು ಹನಿ ನೀರು ಚಿಮುಕಿಸಿ, ಮೂಗಿನ ಹತ್ತಿರ ಹಿಡಿದರು. ಬಹಳ ಹೊತ್ತು ಹಿಡಿದರು. ಆಮೇಲೆ ಕಣ್ಣೊರೆಸಿಕೊಂಡು, "ಹೋಗ್ರಿ, ಹುಡುಗಿ ಕಾಯ್ಲತ್ತಾಳ," ಎಂದು ಗಂಡನನ್ನು ಗದರಿದರು. ಹುಡುಗಿ ಅಂದರೆ ನಲವತ್ತೆಂಟು ವರ್ಷದ ನಾನು. ನಾನೂ ಕಣ್ಣೊರೆಸಿಕೊಳ್ಳುತ್ತಿದ್ದೆ.

ಉಸ್ತಾದರು ಬಂದು ಪಟ್ಟಿ ಕಚ್ಚಿದರು. ಹತ್ತು ನಿಮಿಷದ ನಂತರ ತಟ್ಟೆಯಲ್ಲಿ ಉಳಿದಿದ್ದ ಹುಣಸೆಕಾಯಿ ನೋಡಿ ಮುಖ ಕಿವುಚಿ ಅದನ್ನು ದೂರ ತಳ್ಳಿದರು. ನಾನು ಪರದೆಯಲ್ಲಿ ಎಂಟು ಚುಕ್ಕೆಗಳನ್ನು ಆರಿಸಿದೆ.

ಮುಂದಿನ ಆರು ತಿಂಗಳು ಫೋಲ್ಡರು ಸುಮ್ಮನಿತ್ತು, ಬಸ್ಸುಗಳು ಕೆಲಸ ಮಾಡಿದವು. ಚಿಂದಿಯಲ್ಲಿ ಕಟ್ಟಿದ ಮಣ್ಣಿನ ಗಂಟುಗಳು ಬೀದರಿಗೆ ಬಂದವು, 'ಹೌದು', 'ಅಲ್ಲ' ಎಂಬ ಚೀಟಿ ಹೊತ್ತು ಹಿಂದಿರುಗಿದವು. ಉಸ್ತಾದರ ನಾಲಿಗೆ ಕೆಟ್ಟಿದೆ ಎಂದು ನಂಬಿದ ಇಬ್ಬರು ಅವರಿಗೆ ಕಳಿಸುವುದನ್ನೇ ಬಿಟ್ಟರು. ಪೇಟೆಯಲ್ಲೂ ಆ ಸುದ್ದಿ ಹರಡಿತು. ಅವರು ಯಾರಿಗೂ ಏನೂ ಹೇಳಲಿಲ್ಲ. ಹುಮನಾಬಾದಿಗೆ ಮಾತ್ರ ಪ್ರತಿ ಸಲ ಎರಡು ಗಂಟು ಹೋಗುತ್ತಿದ್ದವು. ದೊಡ್ಡದು ಕೆಲಸಕ್ಕೆ. ಚಿಕ್ಕದನ್ನು ಕಟ್ಟುತ್ತಿದ್ದವರು ಜುಲೇಖಾ ಬೀ, ಅದರ ಚೀಟಿಯಲ್ಲಿ 'ತಿನ್ನಬ್ಯಾಡ, ನೆನೆಸಿ ಮೂಸು' ಎಂದು ಇರುತ್ತಿತ್ತು.

ಮೊದಲ ಚಿಕ್ಕ ಗಂಟು ತಲುಪಿದ ದಿನ ಮಹಾನಂದಾ ನನಗೆ ಫೋನ್ ಮಾಡಿದ್ದಳು. "ನೀವು ಹೇಳಿದ್ರೇನ್ರಿ ಅಕ್ಕಾ?" ಎಂದು ಕೇಳಿದಳು. ಇಲ್ಲ, ಅವರ ನಾಲಿಗೆಗೇ ಗೊತ್ತಾಯಿತು ಅಂದೆ. ಆ ಕಡೆ ಆಕೆ ಗಂಟು ಮೂಸುವುದು ಫೋನಿನಲ್ಲೇ ಕೇಳಿಸಿತು.

ಈ ನಡುವೆ ನನ್ನ ಹೆಮ್ಮೆಯ ನಿಯಮವನ್ನು ಅಳಿಸಿದೆ. ಈಗ ಪ್ರೋಗ್ರಾಮು ಯಾವ ಫೈಲನ್ನೂ ತಾನಾಗಿ ಕಳಿಸುವುದಿಲ್ಲ. 'ಇದನ್ನು ಹಂಚಲೇ?' ಎಂದು ಮೊದಲು ಕೇಳುತ್ತದೆ. ಎರಡೇ ಪದ ಬರೆಯಲು ನನಗೆ ಎರಡು ವರ್ಷ ಬೇಕಾಯಿತು.

ಸಿಂಕ್ ಮತ್ತೆ ಶುರು ಮಾಡುವ ದಿನ ಎಂಟೂ ಜನ ಪರದೆಯ ಮೇಲೆ ಬಂದರು. ಮಹಾನಂದಾಳ ಪರದೆಯಲ್ಲಿ ಮೊದಲ ಪ್ರಶ್ನೆ ಮೂಡಿತು. ಬಯಕೆಯ ಆ ಫೈಲನ್ನು ಹಂಚಲೇ ಎಂದು ಕೇಳಿತು. ಆಕೆ 'ಬೇಡ' ಒತ್ತಿ, ಉಳಿದವಕ್ಕೆಲ್ಲ 'ಹೌದು' ಅಂದದ್ದು ನನಗೊಬ್ಬಳಿಗೇ ಕಾಣಿಸಿತು.

ಚುಕ್ಕೆಗಳು ಒಂದೊಂದಾಗಿ ಹಸಿರಾದವು. ಉಸ್ತಾದರದು ಇನ್ನೂ ಆಗಿರಲಿಲ್ಲ. ಶಂಕ್ರೆಪ್ಪನವರು ಗಂಟಲು ಸರಿಮಾಡಿಕೊಂಡರು.

"ತಪ್ಪು ತಿಳಿಬ್ಯಾಡ್ರಿ ಉಸ್ತಾದ್, ಕೇಳಲೇಬೇಕು. ನಿಮ್ದು ಮತ್ತ ನಮಗ ಬರ್ತದ. ನಿಮ್ಮ ನಾಲಿಗಿ ಈಗ ಹ್ಯಾಂಗದ?"

ಉಸ್ತಾದರು ಬಾಯಿ ತೆರೆಯುವಷ್ಟರಲ್ಲಿ ಹುಮನಾಬಾದಿನ ಚೌಕದಿಂದ ಒಂದು ಕೂಸು ಕಿಟಾರನೆ ಅತ್ತಿತು. ಮಹಾನಂದಾ ಎದ್ದು ಹೋಗಿ, ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ಎತ್ತಿಕೊಂಡು ಬಂದು ಕ್ಯಾಮೆರಾದ ಮುಂದೆ ಕುಳಿತಳು. ಹೆಣ್ಣು ಕೂಸು, ನಲವತ್ತು ದಿನದ್ದು. ಏಳು ಚೌಕಗಳಲ್ಲಿ ಏಳು ಗಂಡಸರು ಪರದೆಯ ಹತ್ತಿರಕ್ಕೆ ಬಗ್ಗಿದರು. ಶಂಕ್ರೆಪ್ಪನವರು ಬೆರಳು ಮಡಚಿ ತಿಂಗಳು ಎಣಿಸುವುದು ಪರದೆಯಲ್ಲಿ ಕಂಡಿತು. ಒಂದು ಬೆರಳಿನ ಹತ್ತಿರ ಬಂದು ಅವರ ಕೈ ನಿಂತಿತು. ಅವರಿಗೇ ಗೋಡೆ ಕೆರೆದು ತಿನ್ನಬೇಕು ಅನ್ನಿಸಿದ್ದ ತಿಂಗಳು ಅದು. ಅವರು ನಿಧಾನಕ್ಕೆ ತಲೆ ಎತ್ತಿ, ಮಗುವನ್ನು ನೋಡಿ, ಆಮೇಲೆ ಉಸ್ತಾದರನ್ನು ನೋಡಿದರು.

"ಛಲೋ ಅದ, ಶಂಕ್ರೆಪ್ಪಾ," ಅಂದರು ಉಸ್ತಾದರು, ಕೂಸಿನ ಚೌಕ ನೋಡುತ್ತಾ. "ಅಳ್ಲತದ, ಕೇಳ್ಸಲಿಲ್ಲೇನು?"